ಮೂಗಣ್ಣನ ಮೂಗು ಕೈಕೊಟ್ಟಾಗ

ಕಾರಿನ ಎಸಿ ಹಾಕಿದ ಕೂಡಲೇ ಗಬ್ಬು ನಾತ ಹೊಡೆದರೆ ಆ ಸುತ್ತಿನ ಜನ ನೇರವಾಗಿ ಹೋಗುತ್ತಿದ್ದದ್ದು ಮೂಗಣ್ಣನ ಹತ್ತಿರ. ಹೆತ್ತವರು ಅವನಿಗೆ ಒಳ್ಳೆಯ ಹೆಸರೇ ಇಟ್ಟಿದ್ದರು. ಆದರೆ ಈಗ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಹಾಗಂತ ಮೂಗು ನೋಡುವುದಕ್ಕೆ ಅಂಥ ದೊಡ್ಡದೇನಲ್ಲ ಬಿಡಿ, ನಮ್ಮ ನಿಮ್ಮಂಥದ್ದೇ. ಅದರ ಜಂಬ ಮಾತ್ರ ದೊಡ್ಡದು.

ಶೆಡ್ಡಿಗೆ ಕಾರು ಬಂದರೆ ಮೊದಲು ಅವನು ಸೋಪು ಹಾಕಿ ಕೈ ತೊಳೆಯಬೇಕು. ಆಮೇಲೆ ಎಲ್ಲರೂ ದೂರ ಸರಿಯಬೇಕು. ಬೀಡಿ ಸೇದಿದವರು ಇನ್ನೂ ದೂರ. ಆಗ ಅವನೊಬ್ಬನೇ ಒಳಗೆ ಕೂತು, ಗಾಜು ಏರಿಸಿ, ಎಸಿ ಪೂರ್ತಿ ತಿರುಗಿಸಿ, ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದ. ಹೊರಗೆ ಕಾರಿನ ಯಜಮಾನರು ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತವರ ಹಾಗೆ ಕಾಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯುತ್ತಿತ್ತು, ಒಂದು ಕಾಲು ಹೊರಗೆ ಬರುತ್ತಿತ್ತು, ಆಮೇಲೆ ತೀರ್ಪು.

"ಒದ್ದೆ ಕಾಲುಚೀಲ" ಅಂದರೆ ಡ್ಯಾಶ್‌ಬೋರ್ಡಿನ ಹಿಂದೆ ಗಾಳಿ ತಂಪು ಮಾಡುವ ಕಾಯಿಲ್ ಒದ್ದೆಯಾಗಿಯೇ ಉಳಿದು ಬೂಷ್ಟು ಹಿಡಿದಿದೆ ಎಂದರ್ಥ. "ಹಳೇ ಗೋಣಿ" ಅಂದರೆ ಫಿಲ್ಟರು ಧೂಳು ತಿಂದು ತಿಂದು ಹೊಟ್ಟೆ ತುಂಬಿಸಿಕೊಂಡಿದೆ. "ಇಲಿ" ಅಂದರೆ ಇಲಿಯೇ, ಅದಕ್ಕೆ ಬೇರೆ ಅರ್ಥವಿಲ್ಲ, ಪಾಪದ್ದು ಗಾಳಿ ಊದುವ ಬ್ಲೋವರಿನಲ್ಲಿ ಪ್ರಾಣ ಬಿಟ್ಟಿದೆ. ಎಲ್ಲ ಸರಿಮಾಡಿ ಕಳಿಸುವಾಗ ಅವನು ಒಂದು ಉಪದೇಶ ತಪ್ಪದೆ ಮಾಡುತ್ತಿದ್ದ. "ಮನೆ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ್ಲೇ ಎಸಿ ಆರ್ಸಿ, ಬರೀ ಫ್ಯಾನ್ ಓಡ್ಲಿ. ಒಳಗಿನ ಒದ್ದೆ ಒಣಗಬೇಕು. ನೀವು ಸ್ನಾನ ಮಾಡಿ ಮೈ ಒರೆಸಿಕೊಳ್ಳದೆ ಹಾಸಿಗೆಗೆ ಹೋಗ್ತೀರಾ? ಇಲ್ಲ ತಾನೆ?" ಜನ ತಲೆಯಾಡಿಸಿ ಹೋಗುತ್ತಿದ್ದರು, ಮನೆ ಬಾಗಿಲವರೆಗೂ ಎಸಿ ಹಾಕಿಕೊಂಡೇ ಹೋಗುತ್ತಿದ್ದರು, ಮುಂದಿನ ವರ್ಷ ಮತ್ತೆ ಬರುತ್ತಿದ್ದರು.

ಶೆಡ್ಡು ಮಾತ್ರ ಅವನದಲ್ಲ, ಹೆಂಡತಿಯ ತಮ್ಮನದು. ಈ ಭಾಮೈದನಿಗೆ ಹೊಸದರ ಹುಚ್ಚು. ಕಾರಿನಲ್ಲಿ ತೂಗುಹಾಕುವ ಸೆಂಟಿನ ಬಾಟಲಿಗಳನ್ನು ಪೆಟ್ಟಿಗೆಗಟ್ಟಲೆ ತಂದು ಪೇರಿಸಿದ್ದ. ಈಚೆಗೆ ಹೊಗೆ ಬಿಟ್ಟು ವಾಸನೆ ಓಡಿಸುವ ಒಂದು ಮಿಷನ್ನನ್ನೂ ತಂದು ಮೂಲೆಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದ. "ಭಾವ, ಇದೊಂದು ಬಟನ್ ಒತ್ತಿದ್ರೆ ಆಯ್ತು, ಯಾವ ವಾಸನೆ ಅಂತ ತಿಳ್ಕೊಳ್ಳೋದೇ ಬೇಡ" ಎನ್ನುತ್ತಿದ್ದ. ಮೂಗಣ್ಣ ಉರಿದುಬೀಳುತ್ತಿದ್ದ. "ಯಾವ ಕಾಯಿಲೆ ಅಂತ ತಿಳೀದೆ ಔಷಧಿ ಕೊಡ್ತೀಯೇನೋ? ನನ್ನ ಮೂಗು ಇರೋವರೆಗೂ ಆ ಡಬ್ಬದ ಮೇಲಿನ ಬಟ್ಟೆ ತೆಗೀಬೇಡ!" ಭಾಮೈದ ಬಟ್ಟೆ ತೆಗೆಯುತ್ತಿರಲಿಲ್ಲ. ಆದರೆ ದಿನಾ ಅದರ ಮೇಲಿನ ಧೂಳು ಕೊಡವುತ್ತಿದ್ದ.

ಇನ್ನು ಮನೆಯ ಸಂಗತಿ. ಶೆಡ್ಡಿನಲ್ಲಿ ಅನ್ನ ಹಾಕುತ್ತಿದ್ದ ಮೂಗು ಮನೆಯಲ್ಲಿ ಅನ್ನದ ಮೇಲೇ ಕಲ್ಲು ಹಾಕುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಶುರು. "ಎಣ್ಣೆ ಹಳೇದಾಗಿದೆಯಲ್ಲೇ." "ಹಾಲು ತಳ ಹಿಡಿಸಿದ್ಯಾ?" "ಈ ತಟ್ಟೆ ತೊಳೆದ ಸ್ಪಂಜು ಬದಲಾಯಿಸಿ ಎಷ್ಟು ದಿನ ಆಯ್ತು?" ಗಂಡ ಹೆಂಡತಿಯ ನಡುವೆ ಇದ್ದ ಮಾತು ಅಷ್ಟೇ. ಅವಳು ಬಾಯಿಗೆ ಬೀಗ ಹಾಕಿಕೊಂಡು ಬಡಿಸುತ್ತಿದ್ದಳು, ಅವನು ಮೂಗು ಮುರಿಯುತ್ತ ಉಣ್ಣುತ್ತಿದ್ದ. ಮಕ್ಕಳಿಬ್ಬರೂ ಮದುವೆಯಾಗಿ ಪಕ್ಕದ ಬೀದಿಗಳಲ್ಲೇ ಇದ್ದರು, ಆದರೆ ಊಟದ ಹೊತ್ತಿಗೆ ಜಾಣತನದಿಂದ ಬರುತ್ತಿರಲಿಲ್ಲ.

ಹೀಗಿರುವಾಗ ಮೂಗಣ್ಣನಿಗೆ ಒಂದು ದರಿದ್ರ ನೆಗಡಿ ಬಂತು. ಕೆಮ್ಮು ಹೋಯಿತು, ಜ್ವರ ಹೋಯಿತು, ಹೋಗುವಾಗ ಮೂಗಿನೊಳಗಿದ್ದದ್ದನ್ನೂ ಗುಡಿಸಿಕೊಂಡು ಹೋಯಿತು. ಅದು ಅವನಿಗೆ ಗೊತ್ತೇ ಆಗಲಿಲ್ಲ ನೋಡಿ! ಒಂದು ಕಾರಿನಲ್ಲಿ ಕೂತು ಉಸಿರೆಳೆದು, "ಏನೂ ಇಲ್ಲ, ಶುದ್ಧವಾಗಿದೆ" ಎಂದು ಕಳಿಸಿದ. ಆ ಕಾರಿನವರ ಅತ್ತೆ ಮೊದಲ ತಿರುವಿನಲ್ಲೇ ವಾಂತಿ ಮಾಡಿಕೊಂಡರು. "ಅವರ ಹೊಟ್ಟೆ ಸರಿಯಿಲ್ಲ" ಎಂದ. ಇನ್ನೊಂದು ಕಾರು, ಅದೂ ಶುದ್ಧ. ಮತ್ತೊಂದು, ಅದೂ. ಜಗತ್ತಿನ ಕಾರುಗಳೆಲ್ಲ ಒಮ್ಮೆಗೇ ಸ್ವಚ್ಛವಾಗಿಬಿಟ್ಟವೇ ಎಂದು ಅನುಮಾನ ಬಂದು ಸೋಪು ಮೂಸಿದ, ಪೆಟ್ರೋಲು ಮೂಸಿದ, ಕೊನೆಗೆ ಭಾಮೈದನ ಸೆಂಟಿನ ಬಾಟಲಿಯ ಮುಚ್ಚಳ ಕದ್ದು ತೆಗೆದು ಮೂಸಿದ. ಏನೂ ಇಲ್ಲ.

ಯಾರಿಗೂ ಹೇಳಲಿಲ್ಲ. ಭಾಮೈದನಿಗೆ ಗೊತ್ತಾದರೆ ಅವತ್ತೇ ಆ ಮಿಷನ್ನಿನ ಬಟ್ಟೆ ಎದ್ದುಹೋಗುತ್ತಿತ್ತು, ಭಾವ ಟೈರಿಗೆ ಗಾಳಿ ತುಂಬಲು ಕೂರಬೇಕಾಗುತ್ತಿತ್ತು. ಹೆಂಡತಿಗೆ ಗೊತ್ತಾದರೆ? ಅಯ್ಯೋ, ಅದನ್ನು ಯೋಚಿಸುವುದಕ್ಕೇ ಅವನಿಗೆ ಧೈರ್ಯ ಸಾಲಲಿಲ್ಲ.

ಆದರೆ ಮೊದಲು ಹಿಡಿದವಳು ಅವಳೇ. ಅವತ್ತು ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತು ಬದನೆಕಾಯಿ ಸೀದು ಕರಕಲಾಗಿತ್ತು. ಬೇರೆ ಮಾಡಲು ಹೊತ್ತಿರಲಿಲ್ಲ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡೇ ಬಡಿಸಿದಳು. ಗಂಡ ತುಟಿ ಪಿಟಕ್ಕೆನ್ನದೆ ಉಂಡ. ಮರುದಿನ ಅವಳು ಬೇಕೆಂದೇ ಹಾಲಿನ ತಳ ಹಿಡಿಸಿದಳು. ಗಟಗಟ ಕುಡಿದ. ಅದರ ಮರುದಿನ ಕಮಟು ಎಣ್ಣೆಯಲ್ಲಿ ಆಲೂಗಡ್ಡೆ ಹುರಿದಿಟ್ಟಳು. ಸುಮ್ಮನಿದ್ದರೆ ಗುಟ್ಟು ರಟ್ಟಾಗುತ್ತದೆಂದು ಹೆದರಿದ್ದ ಮಹಾಶಯ, "ಇವತ್ತು ತುಂಬಾ ಚೆನ್ನಾಗಿದೆ ಕಣೇ" ಎಂದುಬಿಟ್ಟ.

ಅವಳ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಕೈಹಿಡಿದ ಮೇಲೆ ಇದೇ ಮೊದಲ ಸಲ ಆ ಬಾಯಿಂದ ಆ ಮಾತು ಬಂದಿತ್ತು.

"ಕಣ್ಣು ಮುಚ್ಚಿ" ಎಂದಳು.

"ಯಾಕೆ?"

"ಮುಚ್ಚೀಂದ್ರೆ ಮುಚ್ಚಿ." ಒಳಗಿನಿಂದ ಏನನ್ನೋ ತಂದು ಅವನ ಮೂಗಿನ ಕೆಳಗೆ ಹಿಡಿದಳು. "ಏನಿದು ಹೇಳಿ ನೋಡೋಣ."

ಮೂಗಣ್ಣ ಬೆವರಿದ. ಹೆಂಗಸರು ಪ್ರೀತಿಯಿಂದ ಮೂಗಿಗೆ ಹಿಡಿಯುವುದು ಇನ್ನೇನಿದ್ದೀತು ಎಂದು ಲೆಕ್ಕ ಹಾಕಿದ. "ಮಲ್ಲಿಗೆ ಹೂವು" ಎಂದ.

ಕಣ್ಣು ಬಿಟ್ಟರೆ ನೆಲ ಒರೆಸುವ ಬಟ್ಟೆ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಗೋಡೆಗೆ ಒರಗಿ ನಕ್ಕಳು, ಕೂತು ನಕ್ಕಳು. ನಕ್ಕು ಸುಸ್ತಾಗಿ ತಲೆಯೆತ್ತಿ ನೋಡಿದರೆ ಎದುರಿಗೆ ಗಂಡನ ಕಣ್ಣಲ್ಲಿ ನೀರು. ಸುಳ್ಳಲ್ಲ, ನಿಜವಾದ ನೀರು. "ಮೂಗು ಹೋದ ಮೇಲೆ ನಾನು ಯಾರು ಹೇಳು? ನಿನ್ನ ತಮ್ಮ ನನ್ನನ್ನ ಟೈರಿನ ಹತ್ರ ಕೂರಿಸ್ತಾನೆ. ಜನ ಬಂದು ಮೂಗಣ್ಣ ಎಲ್ಲಿ ಅಂತ ಕೇಳಿದ್ರೆ ಏನಂತ ತೋರಿಸ್ತಾರೆ?" ಎಂದ. ಅವಳಿಗೆ ಅಯ್ಯೋ ಅನ್ನಿಸಿತು. ಎಷ್ಟೇ ಆಗಲಿ ಆ ಮೂಗಿನ ಜೊತೆ ಅವಳೂ ಸಂಸಾರ ಮಾಡಿದ್ದಳಲ್ಲ.

"ನನಗೆ ಮೂಗಿಲ್ವಾ?" ಎಂದಳು.

ಒಪ್ಪಂದ ಅಲ್ಲೇ ಆಯಿತು. ದಿನಾ ಊಟದ ಡಬ್ಬಿ ತೆಗೆದುಕೊಂಡು ಅವಳೇ ಶೆಡ್ಡಿಗೆ ಬರುವುದು, ಬಂದ ಕಾರುಗಳಲ್ಲಿ ಅವನ ಜೊತೆ ಕೂತು ಮೂಸುವುದು. ಅದಕ್ಕೆ ಬದಲಾಗಿ ಮನೆಯಲ್ಲಿ ಅಡುಗೆಯ ಬಗ್ಗೆ ಅವನು ಒಂದೇ ಒಂದು ಮಾತು ಆಡಬಹುದು, ಅದು "ಚೆನ್ನಾಗಿದೆ." ಅದನ್ನು ದಿನಾ ಆಡಬೇಕು, ಮರೆಯಕೂಡದು. ಮೂಗಣ್ಣ ಒಪ್ಪಿದ. ಒಪ್ಪದೆ ಏನು ಮಾಡಿಯಾನು?

ಶೆಡ್ಡಿನಲ್ಲಿ ಅಕ್ಕನನ್ನು ಕಂಡು ಭಾಮೈದನ ಹುಬ್ಬು ಮೇಲಕ್ಕೇರಿತು. "ನನಗೆ ಮಂಡಿನೋವು ಕಣೋ. ಬಿಸಿಲಲ್ಲಿ ನಡ್ಕೊಂಡು ಬಂದೆ, ಸ್ವಲ್ಪ ಹೊತ್ತು ತಣ್ಣಗೆ ಕೂರ್ತೀನಿ" ಎಂದು ಹೇಳಿ ಅವಳು ಹಿಂದಿನ ಸೀಟಿನಲ್ಲಿ ಕೂತಳು. ಗಾಜು ಏರಿತು. ಒಳಗಿನ ಮಾತು ಹೊರಗೆ ಕೇಳುತ್ತಿರಲಿಲ್ಲ. ಅವಳು ಸೆರಗಿನಿಂದ ಬಾಯಿ ಮರೆಮಾಡಿಕೊಂಡು ಹೇಳಿದ್ದನ್ನು ಅವನು ಆಮೇಲೆ ಬಾಗಿಲು ತೆರೆದು ತನ್ನದೇ ಎಂಬಂತೆ ಸಾರುತ್ತಿದ್ದ.

ತೊಂದರೆಯೇನೆಂದರೆ ಅವಳು ಅವನ ಭಾಷೆಯಲ್ಲಿ ಮೂಸುತ್ತಿರಲಿಲ್ಲ. ಅವಳಿಗೆ ಪ್ರತಿ ವಾಸನೆಯೂ ಯಾರದೋ ಮನೆ, ಯಾವುದೋ ಹಳೆಯ ಜಗಳ. "ಇದು ನಮ್ಮ ದೊಡ್ಡಪ್ಪನ ಛತ್ರಿ. ಮಡಿಸಿ ಮೂಲೆಗೆ ಇಡ್ತಿದ್ರಲ್ಲ, ಹಾಗೇ ಒದ್ದೆಯಾಗಿ." ಮೂಗಣ್ಣ ಬಾಗಿಲು ತೆರೆದು "ಒದ್ದೆ ಕಾಲುಚೀಲ!" ಎನ್ನುತ್ತಿದ್ದ. "ಇದು ನಿಮ್ಮ ಚಿಕ್ಕಮ್ಮನ ಮನೆ ಪರದೆ. ಆ ಪುಣ್ಯಾತ್ಗಿತ್ತಿ ಒಂದು ದಿನ ಒಗೆದದ್ದು ನಾನು ನೋಡಿಲ್ಲ." "ಹಳೇ ಗೋಣಿ!" ಕಾರುಗಳು ಸರಿಹೋಗುತ್ತಿದ್ದವು. ಮಾತು ಮಾತ್ರ ಚಿಕ್ಕಮ್ಮನ ಪರದೆಗೆ ನಿಲ್ಲುತ್ತಿರಲಿಲ್ಲ. ಪರದೆಯಿಂದ ಚಿಕ್ಕಮ್ಮನ ಸೊಸೆಗೆ, ಸೊಸೆಯಿಂದ ತಮ್ಮಿಬ್ಬರ ಮದುವೆಯ ದಿನ ಫೋಟೋದವನು ಕುಡಿದು ಬಿದ್ದದ್ದಕ್ಕೆ ಹೋಗುತ್ತಿತ್ತು. ಒಳಗೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಹೊರಗೆ ಕಾರಿನವರು ಗಾಬರಿಯಿಂದ ನಿಂತಿರುತ್ತಿದ್ದರು. "ಯಾಕೆ ಇಷ್ಟು ಹೊತ್ತು?" ಎಂದು ಯಾರಾದರೂ ಕೇಳಿದರೆ, "ಆಳವಾದ ವಾಸನೆ" ಎಂದು ಮೂಗಣ್ಣ ಗಂಭೀರವಾಗಿ ಹೇಳುತ್ತಿದ್ದ.

ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಅವಳು ಇಷ್ಟು ಮಾತಾಡುತ್ತಾಳೆ, ಇಷ್ಟು ನಗಿಸುತ್ತಾಳೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಮಧ್ಯಾಹ್ನವಾಗುತ್ತಲೇ ಅವನ ಕಣ್ಣು ಗೇಟಿನ ಕಡೆ ಹೋಗುತ್ತಿತ್ತು. ಮೂಸಬೇಕಾದ ಕಾರು ಒಂದೂ ಇಲ್ಲದ ದಿನ ಟೈರು ಪಂಕ್ಚರಾಗಿ ಬಂದ ಕಾರಿನೊಳಗೂ ಗಾಜು ಏರಿಸಿಕೊಂಡು ಕೂತದ್ದುಂಟು.

ಎಡವಟ್ಟಾದದ್ದು ಹೆಡ್‌ಮಿಸ್ಸಿನ ಕಾರಿನಲ್ಲಿ. ಹೆಡ್‌ಮಿಸ್ಸೆಂದರೆ ಊರಿನ ದೊಡ್ಡ ಶಾಲೆಯವರು. ಭಾಮೈದನಿಗೂ ಪಾಠ ಹೇಳಿ ಕಿವಿ ಹಿಂಡಿದವರು. ಅವರ ಕಾರಿಗೆ ಎಸಿ ಹಾಕಿದರೆ ತಲೆನೋವು ಬರುವಂಥ ನಾತ. ಇಬ್ಬರೂ ಒಳಗೆ ಕೂತರು. ಅವಳು ಒಮ್ಮೆ ಮೂಸಿ, "ಓ! ಇದು ನಿಮ್ಮಮ್ಮನ ಟ್ರಂಕು!" ಎಂದಳು.

ಅಮ್ಮನ ಟ್ರಂಕು! ಮೂಗಣ್ಣನಿಗೆ ಎರಡನೇ ಮಾತು ಬೇಕಾಗಲಿಲ್ಲ. ಅವನು ಹುಡುಗನಾಗಿದ್ದಾಗ ಆ ಟ್ರಂಕಿನಲ್ಲಿ ಇಲಿ ಸತ್ತು ಮನೆಯವರೆಲ್ಲ ಅಂಗಳದಲ್ಲಿ ಮಲಗಿದ್ದರು. ಬಾಗಿಲು ತೆರೆದು ಘೋಷಿಸಿಯೇ ಬಿಟ್ಟ, "ಇಲಿ!"

ಡ್ಯಾಶ್‌ಬೋರ್ಡು ಬಿಚ್ಚಿದರು. ಬ್ಲೋವರು ಹೊರಗೆ ಬಂತು. ಗಾಳಿ ಹೋಗುವ ಕೊಳವೆಗಳು ಒಂದೊಂದಾಗಿ ನೆಲದ ಮೇಲೆ ಸಾಲಾಗಿ ಮಲಗಿದವು. ಇಲಿಯಿಲ್ಲ. ಇಲಿಯ ಬಾಲವೂ ಇಲ್ಲ. ಹೆಡ್‌ಮಿಸ್ಸು ಕನ್ನಡಕದ ಮೇಲಿಂದ ನೋಡುತ್ತ, "ಎಲ್ಲಪ್ಪಾ ನಿಮ್ಮ ಇಲಿ?" ಎಂದರು.

"ಇತ್ತು ಮೇಡಂ. ಹೋಗಿದೆ."

"ಸತ್ತ ಇಲಿ ಹೋಗತ್ತೇನಪ್ಪಾ?"

ಶೆಡ್ಡಿಗೆ ಶೆಡ್ಡೇ ಮುಖ ಆಚೆ ತಿರುಗಿಸಿ ನಕ್ಕಿತು. ಮೂಗಣ್ಣ ಇಂಗು ತಿಂದ ಮಂಗನಾಗಿ ಹೆಂಡತಿಯನ್ನು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ. "ಅಮ್ಮನ ಟ್ರಂಕು ಅಂದ್ಯಲ್ಲೇ!"

"ಹೌದು. ಮಳೆ ನೀರು ಸೋರಿ ಬಟ್ಟೆಯೆಲ್ಲ ಮುಗ್ಗಲು ಹಿಡಿದಿತ್ತಲ್ಲ, ಆ ಟ್ರಂಕು. ತೊಳೆದು ತೊಳೆದು ನನ್ನ ಕೈ ಬಿದ್ದುಹೋಗಿತ್ತು."

"ಅಯ್ಯೋ, ಅದರಲ್ಲಿ ಇಲಿ ಸತ್ತಿತ್ತು ಕಣೇ!"

"ಅದು ಸತ್ತಾಗ ನಾನಿನ್ನೂ ಸೊಸೆಯಾಗಿ ಬಂದಿರಲಿಲ್ಲ. ನಿಮ್ಮನೆ ಇಲಿಗಳು ಯಾವತ್ತು ಸತ್ವು ಅಂತ ನನಗೇನ್ರೀ ಗೊತ್ತು?"

ಅಷ್ಟರಲ್ಲಿ ಭಾಮೈದ ಬಂದ. ಮೂಲೆಯ ಮಿಷನ್ನಿನ ಬಟ್ಟೆ ಅವನ ಹೆಗಲ ಮೇಲಿತ್ತು. "ಭಾವ, ಬೇಜಾರು ಮಾಡ್ಕೋಬೇಡಿ. ಕಾರನ್ನ ಮೊದಲಿನ ಹಾಗೆ ಜೋಡಿಸಿಡಿ. ಮೇಡಂ ನಾಳೆ ಬರ್ತಾರೆ. ನಾಳೆ ನೀವು ವಾಸನೆ ಕಂಡುಹಿಡಿದ್ರೆ ಸರಿ. ಇಲ್ದಿದ್ರೆ ನಾನು ಹೊಗೆ ಬಿಡ್ತೀನಿ. ಆಮೇಲೆ ನೀವು ಟೈರು ನೋಡ್ಕೊಳ್ಳಿ, ಆರಾಮ ಕೆಲಸ." ಒಳ್ಳೆಯ ಮಾತಿನಲ್ಲೇ ಹೇಳಿದ. ಅದಕ್ಕೇ ಮೂಗಣ್ಣನಿಗೆ ಇನ್ನೂ ಹೆಚ್ಚು ಉರಿಯಿತು.

ಮರುದಿನ ಅವನು ಕಾರಿನೊಳಗೆ ಕೂತ. ಹಿಂದಿನ ಸೀಟಿನಲ್ಲಿ ಅವಳು ಕೂತಳು, ಗಾಜು ಏರಿತು, ಎಸಿ ತಿರುಗಿತು. ಅಭ್ಯಾಸಬಲದಿಂದ ಮೂಗಣ್ಣ ಉಸಿರೆಳೆದ.

ಮುಗ್ಗಲು. ಕೊಳೆತ ಎಲೆ. ನಿಂತ ನೀರು.

ಅವನು ಅಲ್ಲಾಡಲಿಲ್ಲ. ಇನ್ನೊಮ್ಮೆ ಎಳೆದ. ಬಂತು! ಸಣ್ಣಗೆ, ಎಲ್ಲೋ ದೂರದಿಂದ ಬಂದ ಹಾಗೆ, ಆದರೆ ಬಂತು. ಆ ಗಬ್ಬು ನಾತವನ್ನು ಅವನು ಮಲ್ಲಿಗೆಯ ಹಾಗೆ ಮತ್ತೆ ಮತ್ತೆ ಎಳೆದುಕೊಂಡ. ಹಿಂದಿನಿಂದ ಸೋಪಿನ ವಾಸನೆ, ಕೂದಲೆಣ್ಣೆಯ ವಾಸನೆ, ಡಬ್ಬಿಯೊಳಗಿನ ಬಿಸಿ ಅನ್ನದ ವಾಸನೆಯೂ ತೇಲಿ ಬಂತು. ಕೂಗಿಬಿಡಬೇಕು ಎನ್ನಿಸಿ ತಿರುಗಿದ. ಅವಳು ಕಣ್ಣು ಅರ್ಧ ಮುಚ್ಚಿ, ಕತ್ತು ಚಾಚಿ, ಅವನಿಗಾಗಿ ಶ್ರದ್ಧೆಯಿಂದ ಮೂಸುತ್ತಿದ್ದಳು.

ಕೂಗದೆ ಮತ್ತೆ ಮುಂದಕ್ಕೆ ತಿರುಗಿಬಿಟ್ಟ. ಮೂಗು ಬಂತು ಎಂದರೆ ನಾಳೆಯಿಂದ ಇವಳು ಯಾಕೆ ಬರುತ್ತಾಳೆ? ಮಂಡಿನೋವಿನ ಸುಳ್ಳು ಹೇಳಿಕೊಂಡು ಬಿಸಿಲಲ್ಲಿ ನಡೆಯುವುದಕ್ಕೆ ಇವಳಿಗೇನು ಬಂದಿದೆ? ದೊಡ್ಡಪ್ಪನ ಛತ್ರಿಯನ್ನೂ ಚಿಕ್ಕಮ್ಮನ ಪರದೆಯನ್ನೂ ಯಾರು ಹೇಳುತ್ತಾರೆ? ಮೂಗು ಹೋದದ್ದನ್ನು ಮುಚ್ಚಿಟ್ಟುಕೊಂಡು ಒದ್ದಾಡಿದ್ದ ಮನುಷ್ಯ ಈಗ ಮೂಗು ಬಂದದ್ದನ್ನು ಮುಚ್ಚಿಡಬೇಕಾಯಿತು. ಹಣೆಬರಹ ನೋಡಿ!

"ನಿಂತ ನೀರು ಕಣ್ರೀ. ನಿಮ್ಮಮ್ಮನ ಟ್ರಂಕೇ. ಇಲಿ ಇಲ್ಲದ ಟ್ರಂಕು, ನೆನಪಿರಲಿ" ಎಂದಳು.

ಅವನು ಇಳಿದು ಕಾರಿನಡಿ ಮಲಗಿ, ಎಸಿಯ ನೀರು ಹೊರಗೆ ಹೋಗುವ ಸಣ್ಣ ಪೈಪಿಗೆ ತಂತಿ ತೂರಿಸಿದ. ಮಣ್ಣು, ಕೊಳೆತ ಎಲೆಯ ಚೂರುಗಳ ಹಿಂದೆಯೇ ಕಪ್ಪು ನೀರು ದಬದಬನೆ ಇಳಿದು ಭಾಮೈದನ ಹೊಸ ಚಪ್ಪಲಿ ತೋಯಿಸಿತು. ಕಾಯಿಲ್ ತೊಳೆದು, ಫ್ಯಾನು ಓಡಿಸಿ ಒಣಗಿಸಿ, ಹೆಡ್‌ಮಿಸ್ಸನ್ನು ಒಳಗೆ ಕೂರಿಸಿದರು. ಅವರು ಮೂಸಿ ಮೂಸಿ ನೋಡಿ, "ಪಾಸು" ಎಂದರು. ಭಾಮೈದ ಒದ್ದೆ ಚಪ್ಪಲಿಯಲ್ಲೇ ಹೋಗಿ ಮಿಷನ್ನಿಗೆ ಬಟ್ಟೆ ಹೊದಿಸಿದ.

ಸಂಜೆ ಊಟಕ್ಕೆ ಕೂತಾಗ ಅಡುಗೆಮನೆಯಿಂದ ಒಗ್ಗರಣೆಯ ಘಮ ಎದ್ದು ಬಂದು ಮೂಗಣ್ಣನ ಮುಖಕ್ಕೆ ಬಡಿಯಿತು. ಬೆಳ್ಳುಳ್ಳಿ, ಜೀರಿಗೆ, ತುಪ್ಪ, ಬೆಂದ ಬೇಳೆ. ಎಷ್ಟು ದಿನ ಉಪ್ಪು ಹುಳಿ ಖಾರ ಬಿಟ್ಟು ಬೇರೇನೂ ತಿಳಿಯದೆ ಉಂಡಿದ್ದ! ಇಷ್ಟು ಒಳ್ಳೆಯ ಅಡುಗೆಯ ಮುಂದೆ ಕೂತು ಇಷ್ಟು ವರ್ಷ ಸ್ಪಂಜಿನ ಮಾತಾಡಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಕಣ್ಣು ಮಂಜಾಯಿತು.

"ಚೆನ್ನಾಗಿದೆ ಕಣೇ."

"ಹೂಂ" ಎಂದಳು ಅವಳು ಬಡಿಸುತ್ತಲೇ.

"ಅಲ್ಲ, ನಿಜವಾಗ್ಲೂ ಚೆನ್ನಾಗಿದೆ."

"ಆಯ್ತು, ಒಪ್ಪಂದ ಮುಗೀತು, ಊಟ ಮಾಡಿ. ಎರಡೆರಡು ಸಲ ಹೇಳಬೇಕು ಅಂತೇನಿಲ್ಲ."

ಅವನು ತುತ್ತು ಕೈಯಲ್ಲೇ ಹಿಡಿದು ಕೂತ. ಆ ಮಾತನ್ನು ದಿನಾ ಸುಳ್ಳಾಗಿ ಹೇಳಿ ಹೇಳಿ ಸವೆಸಿಬಿಟ್ಟಿದ್ದ. ಈಗ ನಿಜ ಹೇಳಿದರೆ ಅವಳ ಕಿವಿಗೇ ಹೋಗುತ್ತಿಲ್ಲ. ನಂಬಿಸಬೇಕಾದರೆ ಮೂಗು ಬಂದದ್ದನ್ನು ತೋರಿಸಬೇಕು. ತೋರಿಸಿದರೆ ನಾಳೆ ಹಿಂದಿನ ಸೀಟು ಖಾಲಿ. ಸುಮ್ಮನಿದ್ದರೆ ಈ ಹೆಂಗಸಿಗೆ ತನ್ನ ಅಡುಗೆ ಗಂಡನಿಗೆ ಹಿಡಿಸಿತು ಎಂಬುದು ಸಾಯುವತನಕ ಗೊತ್ತಾಗುವುದಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಬೆಳ್ಳುಳ್ಳಿ ಒಂದು ಎಸಳು ಸ್ವಲ್ಪ ಸೀದಿದೆ" ಎಂದ.

ಅವಳು ಬಡಿಸುವುದನ್ನು ನಿಲ್ಲಿಸಿದಳು. ಪಾತ್ರೆಯೊಳಗೆ ಬಗ್ಗಿ ನೋಡಿದಳು. ಸೌಟಿನಲ್ಲಿ ಕೆದಕಿದಾಗ ಬೇಳೆಯ ಅಡಿಯಿಂದ ಕಪ್ಪಗಾದ ಒಂದು ಎಸಳು ಮೇಲೆ ಬಂತು. ಅದನ್ನೂ ಅವನನ್ನೂ ಬದಲಿಸಿ ಬದಲಿಸಿ ನೋಡಿದಳು.

"ಯಾವಾಗ ಬಂತು?"

"ಮಧ್ಯಾಹ್ನ. ಕಾರಲ್ಲಿ."

"ಮತ್ತೆ ಹೇಳ್ಲೇ ಇಲ್ಲ?"

ಅವನು ಅನ್ನ ಕಲಸತೊಡಗಿದ.

"ಹಾಗಾದ್ರೆ... ಈಗ ಚೆನ್ನಾಗಿದೆ ಅಂದ್ರಲ್ಲ, ಅದು?"

"ಅದೂ ನಿಜ."

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಸೆರಗಿನಿಂದ ಮೂಗೊರೆಸಿಕೊಂಡಳು. ಆಮೇಲೆ ದನಿ ಗಟ್ಟಿ ಮಾಡಿಕೊಂಡು, "ಒಳ್ಳೇದಾಯ್ತು ಬಿಡಿ. ನಾಳೆಯಿಂದ ನೀವುಂಟು, ನಿಮ್ಮ ಕಾರುಂಟು. ಡಬ್ಬಿ ಬೆಳಿಗ್ಗೆಯೇ ಕಟ್ಟಿಕೊಡ್ತೀನಿ" ಎಂದಳು. ಆದರೆ ಎದ್ದು ಹೋಗಲಿಲ್ಲ.

ಮೂಗಣ್ಣ ಒಂದು ಬೆರಳೆತ್ತಿ ಬಲಗಡೆಯ ಹೊಳ್ಳೆ ಮುಟ್ಟಿ ತೋರಿಸಿದ. "ಬಂದಿರೋದು ಎಡಗಡೆದು ಮಾತ್ರ. ಇದು ಇನ್ನೂ ಬಂದಿಲ್ಲ. ಅರ್ಧ ಮೂಗಲ್ಲಿ ಪೂರ್ತಿ ಕಾರು ಮೂಸೋಕಾಗಲ್ಲ. ನೀನು ಬರಲೇಬೇಕು."

ಅವಳು ಅವನ ಮುಖವನ್ನು ದಿಟ್ಟಿಸಿ ನೋಡಿದಳು. ನಗು ಬರುತ್ತಿತ್ತು, ತುಟಿ ಕಚ್ಚಿ ತಡೆದುಕೊಂಡಳು.

"ಆ ಕಡೆದು ಯಾವಾಗ ಬರತ್ತಂತೆ?"

"ಈ ಜನ್ಮದಲ್ಲಿ ಕಷ್ಟ ಕಣೇ."